ಐದನೆಯ ಹನಿಗೆ ಹಸಿರು

ಅಕ್ವೇರಿಯಂನಲ್ಲಿ ಮೂರು ಕಪ್ಪು ಮೋಲಿ ಮೀನುಗಳು ರೆಕ್ಕೆ ಮುದುಡಿಕೊಂಡು, ಚಳಿ ಹಿಡಿದವರ ಹಾಗೆ ನಿಂತಲ್ಲೇ ನಡುಗುತ್ತಿದ್ದವು. ನಾಲ್ಕನೆಯದು ಬೆಳಿಗ್ಗೆಯೇ ಸತ್ತು ತೇಲಿತ್ತು.

“ನೀರು ಇನ್ನೂ ವಿಪರೀತ ಗಡಸು ಕಣೇ. ಇಪ್ಪತ್ತು ಹನಿ ಹಾಕಿದರೂ ಬಣ್ಣ ತಿರುಗಲಿಲ್ಲ ನೋಡು,” ಎಂದ ಗಂಡ.

ಅವನು ರೈಲು ಓಡಿಸುವವನು. ಮೀನಿನ ಹುಚ್ಚು ಮದುವೆಗೆ ಮುಂಚಿನದು. ನಳಿಗೆಯಲ್ಲಿ ತೊಟ್ಟಿಯ ನೀರು ಹಿಡಿದು ಪರೀಕ್ಷೆಯ ಮದ್ದಿನ ಹನಿ ಹಾಕುತ್ತಾ ಹೋದರೆ ಮೊದಲು ಕಿತ್ತಳೆಯಾಗುತ್ತದೆ. ಎಷ್ಟನೆಯ ಹನಿಗೆ ಹಸಿರಾಗುತ್ತದೋ ಅಷ್ಟು ಗಡಸು. ಮೋಲಿಗೆ ಹನ್ನೆರಡಾದರೂ ಬೇಕು. ಹೆಚ್ಚಾಗಿದೆ ಅಂತ ಅವನು ಒಂದು ತಿಂಗಳಿಂದ ಗಡಸಿಲ್ಲದ ಫಿಲ್ಟರ್ ನೀರು ಬೆರೆಸಿ ಇಳಿಸುತ್ತಲೇ ಇದ್ದ.

ಹೆಂಡತಿ ಹೊಲಿಗೆ ಯಂತ್ರದಿಂದ ತಲೆಯೆತ್ತಿದಳು. ಅವನ ಕೈಯಲ್ಲಿದ್ದ ನಳಿಗೆ ಕಡು ಹಸಿರಾಗಿತ್ತು.

ಅವಳು ಎದ್ದು ಬಂದು ತೊಟ್ಟಿಯಿಂದ ಹೊಸದಾಗಿ ನೀರು ಹಿಡಿದು ತಾನೇ ಹನಿ ಹಾಕಿದಳು. ಐದನೆಯದಕ್ಕೇ ಹಸಿರಾಯಿತು. ದಾರದ ಡಬ್ಬಿಯಿಂದ ಕೆಂಪೊಂದು, ಹಸಿರೊಂದು ಉಂಡೆ ತೆಗೆದು ಮೇಜಿನ ಮೇಲಿಟ್ಟಳು.

“ಇದರಲ್ಲಿ ಕೆಂಪು ಯಾವುದ್ರೀ?”

“ತಮಾಷೆ ಸಾಕು. ಎರಡೂ ಕಂದು.” ಅವಳ ಮುಖ ನೋಡಿದವನು ಉಂಡೆಗಳನ್ನು ಮತ್ತೆ ಕೈಗೆತ್ತಿಕೊಂಡ.

“ಎಷ್ಟು ದಿನದಿಂದ ಹೀಗೆ?”

“ಶ್ವಾಸಕೋಶದ ಕ್ಷಯಕ್ಕೆ ಮಾತ್ರೆ ಶುರುವಾಗಿ ಎರಡು ತಿಂಗಳಾದ ಮೇಲೆ ಇರಬೇಕು. ಸುಸ್ತಿಗೆ ಹಾಗಾಗುತ್ತೆ.”

“ಮತ್ತೆ ಸಿಗ್ನಲ್?”

“ಮೇಲಿನ ದೀಪವೋ ಕೆಳಗಿನದೋ ಅಂತ ನೋಡ್ತೀನಿ. ದಾರಿ ಅಂಗೈ ಗೆರೆಯ ಹಾಗೆ ಗೊತ್ತಿದೆ ಬಿಡು.”

ಎರಡು ಗಂಟೆಗೆ ಅವನ ಪಾಳಿ. ಆಗ ಹನ್ನೆರಡೂವರೆ.

“ಇವತ್ತು ಹೋಗಬೇಡಿ. ಕಣ್ಣಿನ ಡಾಕ್ಟರ ಹತ್ತಿರ ಹೋಗೋಣ.”

ಒಳಗಿನಿಂದ ಅತ್ತೆ ಬಂದರು. “ಇವತ್ತೊಂದು ದಿನ ಹೋಗಿ ಬರಲಿ, ನಾಳೆ ತೋರಿಸಿದರಾಯ್ತು. ಬಾಯಿ ಬಿಟ್ಟರೆ ಅವನ ಎಂಜಿನ್ ಕಿತ್ಕೊಳ್ತಾರೆ. ಮೀನಿನ ನೀರು ನೋಡಿ ಗಂಡನ ಅನ್ನಕ್ಕೆ ಕಲ್ಲು ಹಾಕ್ತೀಯಾ?”

“ಅವರ ಹಿಂದೆ ಆರುನೂರು ಜನ ಕೂತಿರ್ತಾರೆ ಅತ್ತೆ.”

ಗಂಡ ಚೀಲ ಹೆಗಲಿಗೇರಿಸಿದ. “ನೀನು ಡಿಪೋಗೆ ಫೋನ್ ಮಾಡಿದರೆ ನಿನ್ನ ನನ್ನ ಮಾತು ಇಲ್ಲಿಗೆ ಮುಗೀತು,” ಎಂದು ಬಾಗಿಲು ಎಳೆದುಕೊಂಡು ಹೋದ.

ಅವಳು ಫೋನ್ ಮಾಡಿದಳು. ಎರಡು ಸಲ ನಂಬರು ತಪ್ಪಿತು. ಮೇಲ್ವಿಚಾರಕ ಪೂರ್ತಿ ಕೇಳಿಸಿಕೊಂಡು, “ಸರಿಯಮ್ಮ, ನಾನು ನೋಡ್ಕೊಳ್ತೀನಿ,” ಎಂದಷ್ಟೇ ಹೇಳಿದ. ಅತ್ತೆ ದಡಾರನೆ ಕೋಣೆಯ ಬಾಗಿಲು ಹಾಕಿಕೊಂಡರು.

ಅವತ್ತು ಎಂಜಿನ್ ಹತ್ತುವ ಮೊದಲೇ ಅವನನ್ನು ಕಣ್ಣಿನ ಪರೀಕ್ಷೆಗೆ ಕಳಿಸಿದರು. ಬಣ್ಣದ ಚುಕ್ಕೆಗಳ ಹಾಳೆಯಲ್ಲಿ ಅವನಿಗೆ ಒಂದು ಅಂಕಿಯೂ ಕಾಣಲಿಲ್ಲ. ಮಾತ್ರೆಗಳಲ್ಲಿ ಒಂದು ಕಣ್ಣಿನ ನರಕ್ಕೆ ಪೆಟ್ಟು ಕೊಟ್ಟಿದೆ ಎಂದರು ಡಾಕ್ಟರು. ಅದನ್ನು ಬಿಡಿಸಿ ಬೇರೆ ಬರೆದರು. “ದೃಷ್ಟಿ ವಾಪಸ್ ಬರಬಹುದು. ತಿಂಗಳುಗಳೇ ಹಿಡೀಬಹುದು. ಬರದೆಯೂ ಇರಬಹುದು.”

ಅವನನ್ನು ಲಗೇಜು ಕೋಣೆಯಲ್ಲಿ ಕೂರಿಸಿದರು. ಮನೆಗೆ ಬರುತ್ತಿದ್ದ, ಉಣ್ಣುತ್ತಿದ್ದ, ಮಲಗುತ್ತಿದ್ದ. ಏನಾದರೂ ಬೇಕಿದ್ದರೆ ಅಮ್ಮನಿಗೆ ಹೇಳುತ್ತಿದ್ದ. ಅತ್ತೆಯಂತೂ ಸೊಸೆ ಇದ್ದ ಕಡೆ ತಲೆ ಹಾಕುತ್ತಿರಲಿಲ್ಲ. ತೊಟ್ಟಿಯ ಹತ್ತಿರ ಅವನು ಸುಳಿಯಲೇ ಇಲ್ಲ. ಒಮ್ಮೆಲೇ ಬದಲಾದರೆ ಮೀನು ತಡೆಯುವುದಿಲ್ಲವೆಂದು ಅವಳು ದಿನಕ್ಕೊಂದು ಚೊಂಬು ತೊಟ್ಟಿಯ ನೀರು ತೆಗೆದು, ಕ್ಲೋರಿನ್ ಹೋಗಲೆಂದು ಒಂದು ದಿನ ತೆರೆದಿಟ್ಟ ಗಡಸು ನಲ್ಲಿ ನೀರು ಹಾಕಿದಳು. ಇನ್ನೊಂದು ಮೋಲಿ ಸತ್ತಿತು. ಉಳಿದೆರಡರ ನಡುಕ ನಿಂತಿತು.

ಮೂರನೆಯ ತಿಂಗಳು ಮತ್ತೆ ಪರೀಕ್ಷೆ. ಆಸ್ಪತ್ರೆಯ ಬೆಂಚಿನ ಮೇಲೆ ಇಬ್ಬರ ನಡುವೆ ಇನ್ನೊಬ್ಬರು ಕೂರುವಷ್ಟು ಜಾಗವಿತ್ತು.

“ನೀನು ಫೋನ್ ಮಾಡೋಕೆ ಒಂದು ವಾರ ಮುಂಚೆ,” ಎಂದ ಅವನು, ಎದುರಿನ ಗೋಡೆ ನೋಡುತ್ತಾ, “ಎಂಜಿನ್‌ನಲ್ಲಿ ಜೊತೆಗಿದ್ದ ಸಹಾಯಕ ‘ಕೆಂಪು, ಕೆಂಪು’ ಅಂತ ಕಿರುಚಿದ್ದ. ಬಿಸಿಲು ಕಣ್ಣಿಗೆ ಬಿತ್ತು ಅಂತ ಸುಳ್ಳು ಹೇಳಿದೆ. ಗಾಡಿ ನಿಂತಾಗ ಮುಂದೆಯೇ ಹಳಿಯ ಮೇಲೆ ಕೆಲಸ ಮಾಡೋ ಜನ ಇದ್ದರು. ಒಬ್ಬ ನನಗೆ ಕೈ ಎತ್ತಿ ನಮಸ್ಕಾರ ಬೇರೆ ಮಾಡಿದ.”

ಅವಳು ಅವನತ್ತ ತಿರುಗಿದಳು.

ನರ್ಸ್ ಬಾಗಿಲಲ್ಲಿ ಕರೆದಳು. ಅವನು ಎದ್ದ. ಎರಡು ಹೆಜ್ಜೆ ಇಟ್ಟು ತಿರುಗಿ, “ನೀನೂ ಬಾ,” ಎಂದ.