ಕಾಣೆಯಾಗುವ ದಾರ

ಕೆಮ್ಮು ಬಂದುಬಿಟ್ಟರೆ ಏನು ಗತಿ ಎಂಬುದೊಂದೇ ರಫು ಅಕ್ಕನ ಚಿಂತೆಯಾಗಿತ್ತು. ಮುಖದ ಮೇಲೆ ಹಸಿರು ಬಟ್ಟೆ ಹೊದಿಸಿದ್ದರು. ಎಡಗಣ್ಣಿನ ಜಾಗದಲ್ಲಿ ಮಾತ್ರ ಒಂದು ತೂತು. ಆ ತೂತಿನಿಂದ ಬೆಳಕು ಸುರಿಯುತ್ತಿತ್ತು.

"ಅಲುಗಾಡಬೇಡಿ ಅಮ್ಮಾ. ಕೆಮ್ಮು ಬರೋ ಹಾಗಿದ್ರೆ ಮೊದಲು ಹೇಳಿ, ಆಮೇಲೆ ಕೆಮ್ಮಿ," ಎಂದಿದ್ದರು ಡಾಕ್ಟರು.

ಅವರು ಹೇಳದೇ ಇದ್ದಿದ್ದರೆ ಅವಳಿಗೆ ಕೆಮ್ಮಿನ ನೆನಪೇ ಬರುತ್ತಿರಲಿಲ್ಲ. ಈಗ ಗಂಟಲಲ್ಲಿ ಇರುವೆ ಹರಿದಾಡಿದ ಹಾಗಾಗುತ್ತಿತ್ತು.

ಲಾಂಡ್ರಿಯ ಹಿಂದಿನ ಕೋಣೆಯಲ್ಲಿ ಕೂತು, ಹರಿದ ಬಟ್ಟೆಗೆ ಎಳೆಗೆ ಎಳೆ ಹೆಣೆದು, ಹರಿದದ್ದೇ ಸುಳ್ಳು ಅನ್ನಿಸುವಂತೆ ರಫು ಮಾಡುವುದು ಅವಳ ಮೂವತ್ತು ವರ್ಷದ ಕಸುಬು. ಅದಕ್ಕೇ ಆ ಹೆಸರು. ಸೂಜಿ ಕೂದಲೆಳೆಯಷ್ಟು ಜಾರಿದರೆ ಏನಾಗುತ್ತದೆಂದು ಅವಳಿಗೆ ಯಾರೂ ಹೇಳಿಕೊಡಬೇಕಿರಲಿಲ್ಲ. ಬಟ್ಟೆಯಾದರೆ ಬಿಚ್ಚಿ ಮತ್ತೆ ಹೆಣೆಯಬಹುದು. ಕಣ್ಣನ್ನು?

ಯಂತ್ರ ಗುಂಯ್ ಎಂದಿತು. ಬೆಳಕು ನೀರಿಗೆ ಬಿದ್ದಂತೆ ಕದಡಿ, ಮೂರಾಗಿ, ಮತ್ತೆ ಒಂದಾಯಿತು. ನೋವಿರಲಿಲ್ಲ. ಯಾರೋ ಹೆಬ್ಬೆರಳು ಊರಿದಂತೆ ಒತ್ತಡ, ಅಷ್ಟೇ. ಹೆದರಿಕೆಯೆಲ್ಲ ಕಾಲಿಗೆ ಇಳಿದು ಪಾದಗಳು ತಣ್ಣಗಾಗಿದ್ದವು. "ಮುಗೀತಮ್ಮಾ" ಎಂದಾಗಲೂ ಅವಳು ಕಲ್ಲಿನ ಹಾಗೆ ಮಲಗಿಯೇ ಇದ್ದಳು. ಹಿಡಿದಿಟ್ಟ ಕೆಮ್ಮನ್ನೆಲ್ಲ ಆಚೆ ಬೆಂಚಿನ ಮೇಲೆ ಕೂತು ಕೆಮ್ಮಿದಳು.

ಬಲಗಣ್ಣಿನ ಪೊರೆಯನ್ನು ಎರಡು ತಿಂಗಳು ಬಿಟ್ಟು ತೆಗೆಯುವುದೆಂದಾಯಿತು. ಅಲ್ಲಿಯವರೆಗೆ ಬಗ್ಗಬಾರದು, ಭಾರ ಎತ್ತಬಾರದು, ಕಣ್ಣು ಉಜ್ಜಬಾರದು. ತಿಂಗಳ ಕಾಲ ಸೂಜಿ ಮುಟ್ಟಬಾರದು. ಜೊತೆಯಲ್ಲೇ ಇದ್ದ ತಂಗಿ ಹೊತ್ತುಹೊತ್ತಿಗೆ ಹನಿ ಹಾಕುತ್ತಿದ್ದಳು.

"ಬಾಯಿ ಯಾಕೆ ತೆಗೀತೀಯ? ಹಾಕ್ತಿರೋದು ಕಣ್ಣಿಗೆ."

"ತಾನಾಗೇ ತೆರ್ಕೊಳ್ಳುತ್ತೆ ಕಣೇ. ಒಳಗಿಟ್ಟಿರೋ ಲೆನ್ಸು ಜಾರಿಬಿಟ್ರೆ?"

"ಜಾರಿದ್ರೆ ಹುಡುಕಿ ಕೊಡ್ತೀನಿ, ಸುಮ್ನೆ ಕೂತ್ಕೋ."

ನಾಲ್ಕನೆಯ ದಿನ ಬೆಳಿಗ್ಗೆ ಕಿಟಕಿ ಪಕ್ಕದ ಗೂಟದಲ್ಲಿ ತಂಗಿಯ ಕಪ್ಪು ಸ್ವೆಟರು ನೇತಾಡುತ್ತಿತ್ತು. ಮೊಣಕೈಯಲ್ಲಿ ನಾಣ್ಯದಗಲ ಕಡುನೀಲಿ ಕಲೆ ಕಂಡಿತು. ಮಸಿ ಇರಬೇಕೆಂದು ಮುಟ್ಟಿ ನೋಡಿದಳು. ಮಸಿಯಲ್ಲ, ಹೆಣಿಗೆ. ಹೋದ ಚಳಿಗಾಲದಲ್ಲಿ ತಾನೇ ಮಾಡಿದ ರಫು.

ಎಡಗಣ್ಣು ಮುಚ್ಚಿ ಹಳೆಯ ಕಣ್ಣಿನಿಂದ ನೋಡಿದಳು. ಎಲ್ಲ ಕಪ್ಪು. ಬಲಗಣ್ಣು ಮುಚ್ಚಿದಳು. ನೀಲಿ. ಮತ್ತೆ ಮುಚ್ಚಿದಳು, ಮತ್ತೆ ತೆರೆದಳು.

ಅವಳ ಕೆಲಸದ ಲೆಕ್ಕಾಚಾರ ಸರಳವಾಗಿತ್ತು. ಬಟ್ಟೆಯ ಮೇಲೆ ಒಂದೊಂದೇ ದಾರ ಇಟ್ಟು ನೋಡುವುದು. ಯಾವ ದಾರ ಕಾಣೆಯಾಗುತ್ತದೋ ಅದೇ ಸರಿಯಾದ ದಾರ. ಮೊದಲೆಲ್ಲ ಏಳೆಂಟು ದಾರ ಇಟ್ಟು ನೋಡಬೇಕಾಗುತ್ತಿತ್ತು. ಈಚೆಗೆ ಎರಡು ವರ್ಷದಿಂದ ಇಟ್ಟ ಮೊದಲ ದಾರವೇ ಕಾಣೆಯಾಗುತ್ತಿತ್ತು. ಕೈ ಪಳಗಿದೆ, ವಯಸ್ಸಾಗುತ್ತ ಕಸುಬು ಹಣ್ಣಾಗಿದೆ ಎಂದು ಅವಳು ಒಳಗೊಳಗೇ ಬೀಗಿದ್ದಳು. ಪೊರೆ ಬಂದ ಕಣ್ಣಿಗೆ ಯಾವ ದಾರವಿಟ್ಟರೂ ಕಾಣೆಯಾಗುತ್ತದೆಂದು ಯಾರು ಹೇಳಬೇಕಿತ್ತು?

"ಇದು ನೀಲಿ ಅಂತ ನಿನಗೆ ಗೊತ್ತಿತ್ತಾ?"

ತಂಗಿ ಲೋಟ ತೊಳೆಯುತ್ತಲೇ ಹೇಳಿದಳು. "ಗೊತ್ತಿತ್ತು. ಏನೋ ಹೂವು ಹಾಕೋಕೆ ಹೋಗಿ ಅರ್ಧಕ್ಕೆ ಬಿಟ್ಟಿದ್ದೀಯ ಅಂದ್ಕೊಂಡೆ."

"ಹೇಳಬಾರದಿತ್ತಾ?"

"ನಿನ್ನ ಕೆಲಸಕ್ಕೆ ಒಂದು ಮಾತು ಅಂದ್ರೆ ಮೂರು ದಿನ ಮುಖ ಊದಿಸ್ಕೋತೀಯ. ನನಗೆ ಯಾಕೆ ಬೇಕು?"

ಅಂದಿನಿಂದ ಅವಳಿಗೆ ಊಟ ಸೇರಲಿಲ್ಲ. ಕೆಲಸ ಬಿಟ್ಟರೆ ಅವಳಿಗಿದ್ದ ಆಸ್ತಿ ಹೆಸರೊಂದೇ. "ರಫು ಎಲ್ಲಿದೆ ಹುಡುಕಿ ನೋಡೋಣ" ಎಂದು ಲಾಂಡ್ರಿ ಯಜಮಾನ ಗಿರಾಕಿಗಳಿಗೆ ಸವಾಲು ಹಾಕುತ್ತಿದ್ದ. ಅದನ್ನು ಕೇಳಿಸಿಕೊಳ್ಳಲೆಂದೇ ಅವಳು ಒಳಗೆ ಸೂಜಿ ನಿಲ್ಲಿಸುತ್ತಿದ್ದಳು. ಈಗ ತಪಾಸಣೆಗೆ ನಡೆದುಹೋಗುವಾಗ ಕಪ್ಪು ಕನ್ನಡಕದೊಳಗಿಂದ ದಾರಿಯವರ ಮೊಣಕೈ, ಮಂಡಿಗಳನ್ನೇ ಹುಡುಕಿದಳು. ಎದುರಿಗೆ ಬಂದವರು ನಕ್ಕರೂ ತನ್ನನ್ನು ನೋಡಿಯೇ ನಕ್ಕರೆನಿಸುತ್ತಿತ್ತು. ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡ ಹಾಗೆ.

"ಕಣ್ಣು ಬಹಳ ಚೆನ್ನಾಗಿದೆ," ಎಂದರು ಡಾಕ್ಟರು. ಅವಳು ತಲೆಯಾಡಿಸಿದಳು. ಅಲ್ಲಿಂದ ನೇರವಾಗಿ ಲಾಂಡ್ರಿಗೆ ಹೋದಳು.

ಯಜಮಾನ ಇಸ್ತ್ರಿ ನಿಲ್ಲಿಸಿ ಎಲ್ಲ ಕೇಳಿಸಿಕೊಂಡ. "ಎಷ್ಟು ಬಟ್ಟೆ?"

"ಗೊತ್ತಿಲ್ಲ. ಕಪ್ಪು ಬಟ್ಟೆ ಎಲ್ಲಾ ಅನುಮಾನವೇ."

"ಯಾರಾದ್ರೂ ಬಂದು ಕೇಳಿದಾರಾ? ಇಲ್ಲ. ಮಲಗಿರೋ ನಾಯಿನ ಕಲ್ಲು ಹೊಡೆದು ಎಬ್ಬಿಸ್ತಾರಾ ಅಕ್ಕಾ? ಇನ್ಮೇಲೆ ಸರಿಯಾಗಿ ಮಾಡಿದ್ರಾಯ್ತು. ಬಾಯಿಗೆ ಬೀಗ ಹಾಕ್ಕೊಂಡು ಮನೆಗೆ ಹೋಗಿ, ರೆಸ್ಟ್ ತಗೊಳ್ಳಿ."

ಅವಳು ಏಳುವಷ್ಟರಲ್ಲಿ ಬಾಗಿಲು ತಳ್ಳಿಕೊಂಡು ವಕೀಲರು ಬಂದರು. ಹತ್ತಾರು ವರ್ಷದ ಗಿರಾಕಿ. ಆಪರೇಷನ್ನಿಗೆ ವಾರ ಮುಂಚೆಯಷ್ಟೇ ಅವರ ಕಪ್ಪು ಕೋಟಿನ ಎಡತೋಳಿಗೆ ಅವಳು ರಫು ಮಾಡಿಕೊಟ್ಟಿದ್ದಳು. ಆ ಕೋಟೇ ಅವರ ಮೈಮೇಲಿತ್ತು. ತೋಳಿನಲ್ಲಿ ಎರಡು ಬೆರಳಗಲ ನೀಲಿ, ಬಾಗಿಲಿನಿಂದಲೇ ಕಣ್ಣಿಗೆ ಹೊಡೆಯುತ್ತಿತ್ತು.

"ಓ, ನೀವೇ ಇದೀರಲ್ಲ, ಒಳ್ಳೇದಾಯ್ತು," ಎಂದರು ವಕೀಲರು. "ನಮ್ಮನೆಯವಳ ಜೊತೆ ನಿಮ್ಮಿಂದ ದೊಡ್ಡ ಜಗಳ. ಇದು ನೀಲಿ ಅಂತಾಳೆ. ರಫು ಅಕ್ಕನ ಕಣ್ಣು ತಪ್ಪೋ ಮಾತೇ ಇಲ್ಲ ಅಂತ ವಾದ ಮಾಡಿ ಬಾಯಿ ಮುಚ್ಚಿಸಿದೀನಿ."

ಯಜಮಾನ ಅವಳ ಕಡೆ ನೋಡಿ ಕಣ್ಣಲ್ಲೇ ಬೇಡ ಎಂದ. ಇಸ್ತ್ರಿಪೆಟ್ಟಿಗೆ ಸುಮ್ಮನೆ ಎತ್ತಿ ಇಟ್ಟ.

ಹೌದೆಂದರೆ ಸಾಕು, ಇವರು ಇದೇ ಮಾತನ್ನು ಇನ್ನೂ ನಾಲ್ಕು ಜನಕ್ಕೆ ಹೇಳುತ್ತಾರೆ. ಮನೆಯಲ್ಲಿ ಇವರ ಹೆಂಡತಿ, ಕಂಡದ್ದನ್ನು ಕಂಡಿಲ್ಲ ಎಂದುಕೊಂಡು ಸುಮ್ಮನಾಗುತ್ತಾರೆ.

"ಸಾರ್, ನಿಮ್ಮನೆಯವರು ಹೇಳಿದ್ದೇ ಸರಿ. ಅದು ನೀಲಿ."

ವಕೀಲರು ತೋಳನ್ನು ಬಾಗಿಲ ಬೆಳಕಿಗೆ ಹಿಡಿದರು. ಹತ್ತಿರ ತಂದರು, ದೂರ ಹಿಡಿದರು. "ನನಗೆ ಕಪ್ಪೇ ಕಾಣ್ತಿದೆಯಲ್ಲಮ್ಮಾ."

"ನನಗೂ ಹಾಗೇ ಕಾಣ್ತಿತ್ತು ಸಾರ್, ಹೋದ ವಾರ ಪೊರೆ ತೆಗೆಸೋ ತನಕ."

ಅವರು ಅವಳ ಕೈಯಲ್ಲಿದ್ದ ಕಪ್ಪು ಕನ್ನಡಕ ನೋಡಿದರು, ಮತ್ತೆ ತಮ್ಮ ತೋಳು ನೋಡಿದರು. ಆಮೇಲೆ ದನಿ ತಗ್ಗಿಸಿ ಕೇಳಿದರು. "ನೋವಾಗುತ್ತಾ?"

"ಇಲ್ಲ. ಕೆಮ್ಮು ಬರೋ ಹಾಗಾಗುತ್ತೆ."

ಅವರು ನಗಲಿಲ್ಲ. ಇನ್ನು ಮೂರು ವಾರ ಸೂಜಿ ಮುಟ್ಟುವ ಹಾಗಿಲ್ಲವೆಂದು ಅವಳು ಹೇಳಿದಾಗ ಕೋಟು ಬಿಚ್ಚಿ ಮೇಜಿನ ಮೇಲಿಟ್ಟು, "ಮೂರು ವಾರ ಕಾಯ್ತೀನಿ. ಆದ್ರೆ ಸೋತೆ ಅಂತ ಮನೇಲಿ ನನ್ನ ಬಾಯಲ್ಲಿ ಹೇಳಿಸಬೇಡಿ, ನೀವೇ ಬಂದು ನಮ್ಮನೆಯವಳಿಗೆ ಹೇಳಿ," ಎಂದು ಬರಿ ಅಂಗಿಯಲ್ಲೇ ಹೊರಟರು.

ಯಜಮಾನ ಕೋಟನ್ನು ಮಡಚಿ ಪಕ್ಕಕ್ಕಿಟ್ಟ. "ಈಗೇನು, ಊರಿಗೆಲ್ಲ ಡಂಗುರ ಸಾರೋಣವಾ?" ಎಂದ.

"ಒಂದು ಬೋರ್ಡು ಬರೀರಿ. ಕಪ್ಪು ಬಟ್ಟೆ ರಫು ಮಾಡಿಸಿದವರು ತಂದು ತೋರಿಸಿ ಅಂತ."

"ಮಾನ ಹೋಗುತ್ತೆ ಅಕ್ಕಾ."

"ಅದನ್ನ ಜನ ಆಗಲೇ ತೋಳಿನ ಮೇಲೆ ಹಾಕ್ಕೊಂಡು ತಿರುಗ್ತಿದಾರೆ."

ಅವನು ಗೊಣಗುತ್ತ ರಟ್ಟಿನ ತುಂಡು ಹುಡುಕಿದ, ಪೆನ್ನು ಹುಡುಕಿದ. ಬೇಕೆಂದೇ ಸಣ್ಣ ಅಕ್ಷರದಲ್ಲಿ, ರಟ್ಟಿನ ಮೂಲೆಗೆ ಬರೆದ. ಅವಳು ಕೋಣೆಯ ಆ ತುದಿಯಲ್ಲಿ ನಿಂತೇ, ಅಂಗೈಯಿಂದ ಹಳೆಯ ಕಣ್ಣು ಮುಚ್ಚಿಕೊಂಡು, ಒಂದಕ್ಷರ ಬಿಡದೆ ಓದಿದಳು.

"ದೊಡ್ಡದಾಗಿ ಬರೀರಿ."

"ಅಲ್ಲಿಂದಲೇ ಕಾಣ್ತಿದೆಯಲ್ಲ ನಿಮಗೆ."

"ನನಗೆ ಕಾಣುತ್ತೆ. ತರಬೇಕಾದವರಿಗೆ ಕಾಣಬೇಕಲ್ಲ."