ತೊಳೆದ ಸೊಪ್ಪು

ಕಾರ್ಖಾನೆಯ ಕ್ಯಾಂಟೀನಿನಲ್ಲಿ ಉಂಡ ಮೂವತ್ತೊಂದು ಜನ ಎರಡೇ ದಿನದಲ್ಲಿ ಆಸ್ಪತ್ರೆ ಸೇರಿದಾಗ, ಎಲ್ಲರ ಬೆರಳೂ ಅಡುಗೆಯಾಕೆಯತ್ತ ತಿರುಗಿತು. ಹದಿನಾಲ್ಕು ವರ್ಷ ಅವಳ ಕೈಯಡುಗೆ ಉಂಡವರೇ ಅವಳನ್ನು ಕೊಳಕಿ ಎಂದರು. ಅಲ್ಲೇ ಹೊಲಿಗೆಗೆ ಕೂರುತ್ತಿದ್ದ ಅವಳ ತಂಗಿಯೂ ಜ್ವರದಲ್ಲಿ ಎಚ್ಚರ ತಪ್ಪಿ ಮಲಗಿದ್ದಳು.

ಮ್ಯಾನೇಜರು ಅಡುಗೆಯಾಕೆಯ ಮುಂದೆ ಒಂದು ಹಾಳೆ ಸರಿಸಿದ.

"ಕೈ ಸರಿಯಾಗಿ ತೊಳೀಲಿಲ್ಲ ಅಂತ ಒಂದು ಸಹಿ ಹಾಕ್ಬಿಡಮ್ಮ. ಗಲಾಟೆ ಮುಗಿಯುತ್ತೆ."

"ನಿಮ್ಮ ಗಲಾಟೆ ಮುಗಿಯುತ್ತೆ ಸಾರ್. ನನ್ನ ತಂಗಿ ಎದ್ದು ಕೂರ್ತಾಳಾ?"

ಸಹಿ ಹಾಕದೆ ಎದ್ದು ಬಂದಳು. ಕೆಲಸ ಅಂದೇ ಹೋಯಿತು.

ಆಸ್ಪತ್ರೆಯ ಡಾಕ್ಟರು ಕೈಚೆಲ್ಲಿದ್ದರು. "ಮಾಮೂಲಿ ಔಷಧಿ ನಾಟ್ತಾನೇ ಇಲ್ಲಮ್ಮ. ಹಸಿಯಾಗಿ ಏನಾದ್ರೂ ಬಡಿಸಿದ್ರಾ?"

ಹಸಿಯಾದದ್ದು ಒಂದೇ: ಮೇಲೆ ಉದುರಿಸಿದ ಕೊತ್ತಂಬರಿ ಸೊಪ್ಪು. ಮೂರು ನೀರಲ್ಲಿ ತೊಳೆದಿದ್ದಳು. ಆದರೆ ಸೊಪ್ಪು ಕಂಡರಾಗದೆ ಒಂದೊಂದೇ ಎಲೆ ಹೆಕ್ಕಿ ಬದಿಗಿಡುತ್ತಿದ್ದ ಕಾರ್ಖಾನೆಯ ಎಲೆಕ್ಟ್ರಿಷಿಯನ್ ಮಾತ್ರ ಅದೇ ಊಟ ಉಂಡೂ ಗುಂಡುಕಲ್ಲಿನ ಹಾಗೆ ಓಡಾಡಿಕೊಂಡಿದ್ದ!

ಮರುದಿನ ಬೆಳಗ್ಗೆ ಕ್ಯಾಂಟೀನಿಗೆ ಸೊಪ್ಪು ಬೆಳೆದುಕೊಡುವವಳ ತೋಟಕ್ಕೆ ಹೋದಳು.

"ಮೂರು ತಿಂಗಳಿಂದ ಕಾಲುವೆ ನಾರ್ತಿದೆ ಅಕ್ಕಾ," ಎಂದಳು ಅವಳು. "ಬೇರೆ ನೀರು ಎಲ್ಲಿಂದ ತರ್ಲಿ?"

ಅಡುಗೆಯಾಕೆ ಕಾಲುವೆಯ ದಂಡೆ ಹಿಡಿದು ಮೇಲಕ್ಕೆ ನಡೆದಳು. ಅರ್ಧ ಗಂಟೆಯ ದಾರಿಯಲ್ಲಿ ಉದ್ದುದ್ದ ಕೋಳಿ ಶೆಡ್ಡುಗಳು. ಗುಡ್ಡದಂತೆ ಪೇರಿಸಿದ ಕೋಳಿಗೊಬ್ಬರ ಜಾರಿ ಜಾರಿ ನೀರಿಗೆ ಬೀಳುತ್ತಿತ್ತು. ಪಕ್ಕದಲ್ಲಿ ಸತ್ತ ಕೋಳಿಗಳ ಚೀಲಗಳು, ಮೇಲೆ ನೊಣಗಳ ಹಿಂಡು. ಉರಿಯುವ ಸಿಟ್ಟಿನಲ್ಲೇ ಅವಳು ಸರ್ಕಾರಿ ಕಚೇರಿಗಳಿಗೆ ಅಲೆದಳು.

ಆರೋಗ್ಯ ಕಚೇರಿಯವರು ಕೋಳಿ ವಿಷಯ ನಮ್ಮ ವ್ಯಾಪ್ತಿಗೆ ಬರಲ್ಲ ಎಂದರು. ನೀರಾವರಿಯವರು, ನೀರು ಬಿಡೋದಷ್ಟೇ ನಮ್ಮ ಕೆಲಸ ಎಂದರು. ಪಶುಪಾಲನಾ ಕಚೇರಿಯ ಪಶುವೈದ್ಯೆ ಮಾತ್ರ ತಲೆ ತಗ್ಗಿಸಿದಳು.

"ಕೋಳಿಗಳಿಗೆ ರೋಗ ಇದೆ ಅಂತ ತಿಂಗಳ ಹಿಂದೆಯೇ ವರದಿ ಕಳಿಸಿದ್ದೆ. ಮಾಲೀಕ ದಿನಾ ಮೇವಿಗೆ ಔಷಧಿ ಬೆರೆಸ್ತಾನೆ, ಮನುಷ್ಯರಿಗೆ ಕೊಡೋ ಔಷಧೀನೇ. ರೋಗಾಣು ಅದಕ್ಕೆ ಒಗ್ಗಿಹೋಗಿದೆ."

"ವರದಿ ಕಳಿಸಿ?"

"ಉತ್ತರ ಬರ್ಲಿಲ್ಲ."

"ಉತ್ತರ ಬರದಿದ್ರೆ ಎದ್ದು ಹೋಗಿ ಕೇಳೋಕೆ ಕಾಲಿರ್ಲಿಲ್ವಾ?" ಅವಳ ದನಿಗೆ ಇಡೀ ಕಚೇರಿ ತಿರುಗಿ ನೋಡಿತು. "ಮನುಷ್ಯರ ಡಾಕ್ಟರು ಕೋಳಿ ನೋಡಲ್ಲ, ಕೋಳಿ ಡಾಕ್ಟರು ಮನುಷ್ಯರನ್ನ ನೋಡಲ್ಲ, ಕಾಲುವೆಯವ್ರು ಎರಡನ್ನೂ ನೋಡಲ್ಲ. ರೋಗ ಮಾತ್ರ ಯಾರ ಅಪ್ಪಣೆನೂ ಕೇಳದೆ ಮೂರೂ ಕಡೆ ಓಡಾಡ್ಕೊಂಡಿದೆ!"

ಪಶುವೈದ್ಯೆ ಎದ್ದಳು. ಗೊಬ್ಬರ, ನೀರು, ಸೊಪ್ಪು ಮೂರನ್ನೂ ಸೀಸೆಗಳಲ್ಲಿ ತುಂಬಿಸಿ, ತಾನೇ ಆಸ್ಪತ್ರೆಯ ಪ್ರಯೋಗಾಲಯಕ್ಕೆ ಒಯ್ದಳು. ಕೋಳಿಗಳಿಗೆ ಹಾಕುತ್ತಿದ್ದ ಔಷಧಿಯ ಹೆಸರನ್ನೂ ಡಾಕ್ಟರಿಗೆ ಹೇಳಿದಳು. ಅವರು ಅಂದೇ ಚಿಕಿತ್ಸೆ ಬದಲಿಸಿದರು. ಮೂರನೆಯ ದಿನ ತಂಗಿ ಕಣ್ಣು ಬಿಟ್ಟು ನೀರು ಕೇಳಿದಳು. ಕಾರ್ಖಾನೆಯ ಗೇಟು ಕಾಯುತ್ತಿದ್ದ ಮುದುಕ ಮಾತ್ರ ಉಳಿಯಲಿಲ್ಲ.

ಐದನೆಯ ದಿನ ಫಲಿತಾಂಶ ಬಂತು. ಮೂರು ಸೀಸೆಯಲ್ಲೂ, ರೋಗಿಗಳ ಹೊಟ್ಟೆಯಲ್ಲೂ ಒಂದೇ ರೋಗಾಣು. ಶೆಡ್ಡಿಗೆ ಬೀಗ ಬಿತ್ತು. ಏನೂ ತಪ್ಪು ಮಾಡದ ಸೊಪ್ಪಿನವಳ ಬೆಳೆಯನ್ನೂ ಕಿತ್ತು ಹೂತರು.

ಮ್ಯಾನೇಜರು ಹೇಳಿ ಕಳಿಸಿದ. "ಆದದ್ದಾಯ್ತು, ನಾಳೆಯಿಂದ ಬಾಮ್ಮ."

"ಕೊಳಕಿ ಅಂದೋರ ಮುಂದೆ ಆಸ್ಪತ್ರೆಯಿಂದ ಬಂದ ವರದಿ ಓದಿ. ಆಮೇಲೆ ಬರ್ತೀನಿ."

ಊಟದ ಹೊತ್ತಿಗೆ ಅವನು ಓದಿದ. ಅವಳು ಕೈಕಟ್ಟಿ ನಿಂತು ಕೇಳಿದಳು. ಕೆಲವರು ಕ್ಷಮೆ ಕೇಳಿದರು. ಅವಳ ಸಿಟ್ಟು ಇಳಿಯಲಿಲ್ಲ.

ತಿಂಗಳಾಗುವಷ್ಟರಲ್ಲಿ ಶೆಡ್ಡಿಗೆ ಮತ್ತೆ ಅನುಮತಿ ಸಿಕ್ಕಿತೆಂದು ಸುದ್ದಿ ಬಂತು. ಗೊಬ್ಬರದ ಗುಡ್ಡ ಇನ್ನೂ ಇದ್ದಲ್ಲೇ ಇತ್ತು. ಕೋಳಿಮರಿಗಳನ್ನು ಹೊತ್ತ ಲಾರಿ ಬಂದಾಗ ಶೆಡ್ಡಿನ ದಾರಿಗೆ ಅಡ್ಡವಾಗಿ ನಾಲ್ವರು ಹೆಂಗಸರು ಕೂತಿದ್ದರು: ಅಡುಗೆಯಾಕೆ, ಸೊಪ್ಪಿನವಳು, ಮುದುಕನ ಹೆಂಡತಿ, ರಜೆ ಹಾಕಿ ಬಂದಿದ್ದ ಪಶುವೈದ್ಯೆ.

"ದಾರಿ ಬಿಡಿ ತಾಯಿ," ಎಂದ ಚಾಲಕ.

"ಮೊದ್ಲು ಆ ಗುಡ್ಡ ತೆಗೀಲಿ," ಎಂದಳು ಮುದುಕನ ಹೆಂಡತಿ.

ಲಾರಿ ಹಿಂದಕ್ಕೆ ಹೋಯಿತು.