ಮೇಜು ನುಂಗಿದ ಕರೆಂಟು

ನಾನು ಓದಿದ ಶಾಲೆಯಲ್ಲಿ ಎಲ್ಲರ ಊಟದ ಡಬ್ಬಿಗಳನ್ನು ಬಿಸಿಯಾಗಲೆಂದು ನೀರು ಕಾಯಿಸುವ ಬಾಯ್ಲರಿನ ಮೇಲೆ ಸಾಲಾಗಿ ಇಡುತ್ತಿದ್ದರು. ಮಧ್ಯಾಹ್ನದ ಹೊತ್ತಿಗೆ ಕಾದ ಸ್ಟೀಲಿನ ವಾಸನೆಯೂ ಒಳಗಿನ ಆಲೂಗಡ್ಡೆಯ ವಾಸನೆಯೂ ಬೆರೆತು ತರಗತಿಯೊಳಗೆ ಬರುತ್ತಿತ್ತು. ಆಮೇಲೆ ಲೆಕ್ಕ ಯಾರ ತಲೆಗೂ ಹತ್ತುತ್ತಿರಲಿಲ್ಲ.

ಅದೇ ವಾಸನೆ ಮೊನ್ನೆ ನನ್ನ ಮಗಳ ವರ್ಕ್‌ಶಾಪಿನಲ್ಲಿ ಮೂಗಿಗೆ ಬಡಿಯಿತು.

ಮಗಳು ಮಾಡಿದ್ದು ಒಂದು ಮೇಜು. ಹಲಗೆಯ ಅಡಿಯಲ್ಲಿ ತಾಮ್ರದ ತಂತಿಯ ಸುರುಳಿ. ಮೇಲೆ ಲ್ಯಾಪ್‌ಟಾಪು, ಫೋನು ಇಟ್ಟರೆ ಸಾಕು, ವೈರಿಲ್ಲದೆ ಚಾರ್ಜ್ ಆಗುತ್ತದೆ. ಅಂದು ಗ್ರಂಥಾಲಯದ ಮೇಡಂ ನೋಡಲು ಬಂದಿದ್ದರು. ಓದುವ ಕೋಣೆಗೆ ಇಂಥ ಮೇಜು ಬೇಕೆಂದರೆ ವರ್ಕ್‌ಶಾಪು ಉಳಿಯುತ್ತದೆ. ಬೇಡವೆಂದರೆ ಬಾಗಿಲು ಹಾಕುವುದೇ.

ಮಗಳು ಲ್ಯಾಪ್‌ಟಾಪ್ ಇಟ್ಟಳು. ಅದರ ದೀಪ ಒಮ್ಮೆ ಮಿಣುಕಿ ಆರಿತು. ಸರಿಸಿದಳು, ತಿರುಗಿಸಿದಳು. ಊಹೂಂ.

"ಬೆಳಿಗ್ಗೆ ಸರಿಯಾಗಿತ್ತು ಮೇಡಂ. ಈ ವಾರ ಮಧ್ಯಾಹ್ನ ಆದ್ರೆ ಸಾಕು, ಹೀಗೆ ಕೈಕೊಡುತ್ತೆ. ಕರೆಂಟು ಎಲ್ಲಿಗೆ ಹೋಗುತ್ತೋ!"

"ಗಾಳಿಗೆ," ಎಂದರು ಮೂಲೆಯ ಕುರ್ಚಿಯಿಂದ ನಮ್ಮ ಯಜಮಾನರು. "ಮೂಗುದಾರ ಇಲ್ಲದ ಎತ್ತು, ತಂತಿ ಇಲ್ಲದ ಕರೆಂಟು, ಎರಡೂ ಒಂದೇ ಅಂತ ನಾನು ಮೊದಲೇ ಹೇಳ್ಲಿಲ್ವಾ?"

"ಅಪ್ಪಾ, ಸ್ವಲ್ಪ ಸುಮ್ನಿರಿ."

ಮೇಡಂ ಕೈಚೀಲ ಎತ್ತಿಕೊಂಡರು. ಮಗಳ ಮುಖ ನೋಡಿ ಮತ್ತೆ ಕೆಳಗಿಟ್ಟು, "ಇನ್ನೊಂದ್ಸಲ ನೋಡಮ್ಮ, ನನಗೇನೂ ಅವಸರ ಇಲ್ಲ," ಎಂದರು.

ಆಗಲೇ ಆ ವಾಸನೆ ಬಂದದ್ದು. ನಾನೆದ್ದು ಮೇಜಿನ ಹತ್ತಿರ ಹೋದೆ. ಯಜಮಾನರಿಗೆ ಇದ್ದಕ್ಕಿದ್ದಂತೆ ಚಾವಣಿಯ ಮೇಲೆ ಆಸಕ್ತಿ ಹುಟ್ಟಿತು. ಕಳ್ಳನ ಮನಸ್ಸು ಹುಳ್ಳುಹುಳ್ಳಗೆ.

"ಏನ್ರೀ, ಊಟ ಆರಿದೆ ಅಂತ ಈ ವಾರ ಒಂದು ದಿನಾನೂ ಗೊಣಗಲಿಲ್ಲ ನೀವು?"

"ವಯಸ್ಸಾಯ್ತು ಕಣೇ, ತಾಳ್ಮೆ ಬಂದಿದೆ."

ಮೇಜಿನ ಡ್ರಾಯರ್ ಎಳೆದೆ. ಸರಿಯಾಗಿ ಸುರುಳಿಯ ಕೆಳಗೆ ಅವರ ಸ್ಟೀಲ್ ಡಬ್ಬಿ, ಮುಟ್ಟಲಾರದಷ್ಟು ಬಿಸಿ! ಕರವಸ್ತ್ರದಲ್ಲಿ ಹಿಡಿದು ಎತ್ತಿದ್ದೇ ತಡ, ಲ್ಯಾಪ್‌ಟಾಪಿನ ದೀಪ ಹಸಿರಾಗಿ ನಿಂತಿತು.

"ಅಪ್ಪಾ! ಲ್ಯಾಪ್‌ಟಾಪಿಗೆ ಹೋಗಬೇಕಾದ ಕರೆಂಟೆಲ್ಲ ಸ್ಟೀಲು ನುಂಗಿ ಬಿಸಿಯಾಗ್ತಿತ್ತು!"

"ಮೇಜು ಕೆಟ್ಟಿಲ್ಲ ಅಂತಾಯ್ತಲ್ಲ. ಕಂಡುಹಿಡಿದವನಿಗೆ ಬೈಗುಳವಾ?"

ಮೇಡಂ ನಕ್ಕೂ ನಕ್ಕೂ ಕಣ್ಣೊರೆಸಿಕೊಂಡರು. "ನಮಗೆ ಡ್ರಾಯರ್ ಇಲ್ಲದ ಮೇಜು ಮಾಡಿಕೊಡಮ್ಮ. ನಮ್ಮಲ್ಲಿ ಓದೋಕೆ ಬರೋರೂ ನಿಮ್ಮ ಅಪ್ಪನಂಥವರೇ."

ಅವರು ಒಪ್ಪಿ ಹೊರಟರು. ಯಜಮಾನರ ಡಬ್ಬಿ ಕಿಟಕಿಯ ಬಳಿ ಆರುತ್ತಿತ್ತು. ಕೇಳುವ ಧೈರ್ಯ ಅವರಿಗಿಲ್ಲ. ಕೊಡುವ ಆತುರ ನನಗೂ ಇರಲಿಲ್ಲ.

ಮಗಳು ಲ್ಯಾಪ್‌ಟಾಪನ್ನು ಮೇಜಿನಿಂದ ತೆಗೆದಳು. ಡಬ್ಬಿಯನ್ನು ಮತ್ತೆ ಡ್ರಾಯರಿನಲ್ಲಿಟ್ಟು, ಕೈಕಟ್ಟಿ ನಿಂತು ಕಾದಳು. ಆಮೇಲೆ ಹೊರತೆಗೆದು, ಕೈ ಸುಡದಂತೆ ಬಟ್ಟೆ ಸುತ್ತಿ ಅಪ್ಪನ ಕೈಗಿಟ್ಟಳು.